ಯೋಧನ ಮಣಿಕಟ್ಟಿನ ಗಡಿಯಾರ

ಸುರತ್ಕಲ್ಲಿನ ಕಡಲತಡಿಯಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಮೆ. ಉಪ್ಪುಗಾಳಿ ಬಾಗಿಲ ಕೀಲನ್ನೂ ಬಿಡುವುದಿಲ್ಲ. ಆ ಊರಿನಿಂದ ಸೈನ್ಯಕ್ಕೆ ಸೇರಿದ ನನ್ನ ಸೋದರಮಾವ ರಜೆಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಮಣಿಕಟ್ಟಿನ ಎಚ್.ಎಂ.ಟಿ. ‘ಜವಾನ್’ ಗಡಿಯಾರದ ಕಡೆಗೆ.

ಕೈಗಡಿಯಾರವು ಒಂದು ಕಾಲಕ್ಕೆ ಹೆಂಗಸರ ಆಭರಣವೆನಿಸಿತ್ತು. ಗಂಡಸರದು ಜೇಬಿನ ಗಡಿಯಾರ. 1914ರಲ್ಲಿ ಆರಂಭವಾದ ಮಹಾಯುದ್ಧ ಈ ಭೇದವನ್ನು ಅಳಿಸಿತು. ಕಂದಕದಲ್ಲಿ ಬಂದೂಕು ಹಿಡಿದವನಿಗೆ ಜೇಬು ತಡಕಲು ಕೈ ಬಿಡುವಿರಲಿಲ್ಲ. ಫಿರಂಗಿಗಳ ಹೊಡೆತಕ್ಕೂ ಕಾಲಾಳುಗಳ ಮುನ್ನಡೆಗೂ ನಿಮಿಷದ ಹೊಂದಿಕೆ ತಪ್ಪಿದರೆ ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾಗುತ್ತಿದ್ದರು.

ಬೆಂಗಳೂರಿನ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರದ ತಯಾರಿಕೆಗೆ ತೊಡಗಿತು. ಮುಂದೆ ಅಲ್ಲಿಂದ ಬಂದ ‘ಜವಾನ್’ಗೆ ಕೀಲಿ ಕೊಡುವ ಯಂತ್ರ, 17 ಹರಳು, ಸ್ಫುಟವಾದ ಅಂಕಿಗಳು, ಒಳಸುತ್ತಿನಲ್ಲಿ 13ರಿಂದ 24ರವರೆಗಿನ ಗಂಟೆಗಳು.

ಬಾಳಿಕೆಯ ಗಡಿಯಾರವನ್ನು ಆರಿಸುವ ಬಗೆ ಹೇಗೆಂದು ಒಮ್ಮೆ ಮಾವನನ್ನು ಕೇಳಿದ್ದೆ. “ಒಂದೇ ನೋಟಕ್ಕೆ ಹೊತ್ತು ತಿಳಿಯಬೇಕು, ಪೆಟ್ಟು ತಾಳಬೇಕು, ಯಾವ ಊರಿನ ರಿಪೇರಿಯವನ ಕೈಗೂ ಬಗ್ಗಬೇಕು. ಹೊಳಪು ಆಮೇಲೆ” ಎಂದಿದ್ದರು.

ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಮಾವನೂ ಈಗಿಲ್ಲ. ದಿನವೂ ಬೆಳಿಗ್ಗೆ ಅವರ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ಮರೆತ ದಿನ ಅದು ನಿಲ್ಲುತ್ತದೆ.