ಉಡುಪಿ ಸೀರೆ

ಉಡುಪಿ ಸೀರೆಯು ಕರ್ನಾಟಕದ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕೈಮಗ್ಗದ ಮೇಲೆ ನೇಯಲಾಗುವ ಹತ್ತಿಯ ಸೀರೆ. 2016ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹಗುರವಾದ ಒಡಲು, ಸರಳವಾದ ಚೌಕುಳಿ ಅಥವಾ ಪಟ್ಟೆ, ಎದ್ದು ಕಾಣುವ ಅಂಚು ಮತ್ತು ಸೆರಗು ಇದರ ಲಕ್ಷಣಗಳು. ಹೊಸ ಬಟ್ಟೆಯನ್ನು ಕೊಳ್ಳುವಾಗ ದುಡಿದವರ ಕೂಲಿಯನ್ನೂ ಪರಿಸರದ ಮೇಲಾಗುವ ಪರಿಣಾಮವನ್ನೂ ಹೇಗೆ ತೂಗಿ ನೋಡಬೇಕೆಂಬ ಪ್ರಶ್ನೆಗೆ ಈ ಸೀರೆಯು ಕರಾವಳಿಯ ಒಂದು ನಿದರ್ಶನವಾಗಿದೆ.

ಹಿನ್ನೆಲೆ

ಕರಾವಳಿಯಲ್ಲಿ ನೇಯ್ಗೆಯು ಮುಖ್ಯವಾಗಿ ಶೆಟ್ಟಿಗಾರರೆಂದು ಕರೆಯಲಾಗುವ ಪದ್ಮಶಾಲಿ ಸಮುದಾಯದ ಕುಲಕಸುಬಾಗಿತ್ತು. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿ ಸುಧಾರಿತ ಮಗ್ಗಗಳನ್ನು ಬಳಕೆಗೆ ತಂದಿತು. ಮುಂದೆ ನೇಕಾರರ ಸಹಕಾರಿ ಸಂಘಗಳು ಹುಟ್ಟಿಕೊಂಡವು. ನೂಲು ಒದಗಿಸುವುದು, ಕೂಲಿ ನೀಡುವುದು ಮತ್ತು ಸೀರೆಯನ್ನು ಮಾರುವುದು ಈ ಸಂಘಗಳ ಕೆಲಸವಾಗಿತ್ತು.

ಇಳಿಮುಖ ಮತ್ತು ಪುನಶ್ಚೇತನ

ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೊಡನೆ ಸ್ಪರ್ಧಿಸಲಾಗದೆ ಕೈಮಗ್ಗಗಳು ಒಂದೊಂದಾಗಿ ನಿಂತುಹೋದವು. ಕೂಲಿ ಕಡಿಮೆಯಾದುದರಿಂದ ನೇಕಾರರ ಮಕ್ಕಳು ಬೇರೆ ಉದ್ಯೋಗಗಳನ್ನು ಅರಸಿದರು. ಬೆಳ್ಮಣ್‌ಗೆ ಸಮೀಪದ ಕಿನ್ನಿಗೋಳಿಯಲ್ಲಿರುವ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ 2018ರ ವೇಳೆಗೆ ಬೆರಳೆಣಿಕೆಯಷ್ಟು ನೇಕಾರರು, ಅದೂ ವಯಸ್ಸಾದವರು, ಉಳಿದಿದ್ದರು. ಆಗ ಕಾರ್ಕಳದ ಕದಿಕೆ ಟ್ರಸ್ಟ್ ಈ ಸಂಘದ ಜೊತೆಗೂಡಿ ಪುನಶ್ಚೇತನಕ್ಕೆ ಮುಂದಾಯಿತು. ತರಬೇತಿ ಪಡೆದ ಹೊಸಬರು ಮಗ್ಗಕ್ಕೆ ಬಂದರು. ನಿಂತಿದ್ದ ಮಗ್ಗಗಳು ಮತ್ತೆ ಚಾಲನೆಗೊಂಡವು. ಅಡಿಕೆ ಚೊಗರಿನಂತಹ ಸಹಜ ಬಣ್ಣಗಳ ಬಳಕೆಯೂ ಆರಂಭವಾಯಿತು.

ದುಡಿಮೆಯ ಬೆಲೆ

ಮಗ್ಗದ ಮೇಲಿನ ಕೆಲಸ ಮಾತ್ರವೇ ನೇಯ್ಗೆಯಲ್ಲ. ಲಡಿ ಬಿಡಿಸುವುದು, ಬಣ್ಣ ಹಾಕುವುದು, ಹಾಸು ಹೂಡುವುದು, ಕಂಡಿಕೆ ಸುತ್ತುವುದು ಮೊದಲಾದ ಪೂರ್ವಸಿದ್ಧತೆಯನ್ನು ಹೆಚ್ಚಾಗಿ ಮನೆಯ ಹೆಂಗಸರು ಮಾಡುತ್ತಾರೆ. ಈ ದುಡಿಮೆಗೆ ಪ್ರತ್ಯೇಕ ಕೂಲಿ ಸಿಗದಿರುವುದು ಸಾಮಾನ್ಯ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ಸುಮಾರು ಶೇ. 66ರಷ್ಟು ನೇಕಾರ ಕುಟುಂಬಗಳ ಮಾಸಿಕ ಆದಾಯ 5,000 ರೂಪಾಯಿಗಿಂತ ಕಡಿಮೆ. ಆದ್ದರಿಂದ ಕೈಮಗ್ಗದ ಬಟ್ಟೆ ಎಂದ ಮಾತ್ರಕ್ಕೆ ಅದು ನ್ಯಾಯವಾದ ಕೂಲಿಯ ಬಟ್ಟೆ ಎನ್ನಲಾಗದು. ಬೆಲೆಯಲ್ಲಿ ನೇಕಾರರಿಗೆ ಸಲ್ಲುವ ಪಾಲೆಷ್ಟು ಎಂಬುದು ಮುಖ್ಯವಾಗುತ್ತದೆ. ಸಿದ್ಧ ಉಡುಪಿನ ಕ್ಷೇತ್ರದಲ್ಲಿ ಅಗ್ಗದ ಬೆಲೆಯ ಹಿಂದಿನ ಅಪಾಯವನ್ನು ಬಾಂಗ್ಲಾದೇಶದ ರಾಣಾ ಪ್ಲಾಜಾ ದುರಂತವು ಜಗತ್ತಿಗೆ ತೋರಿಸಿತು. 2013ರ ಏಪ್ರಿಲ್ 24ರಂದು ಆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮೃತಪಟ್ಟರು.

ಪರಿಸರದ ಅಂಶಗಳು

ಕೈಮಗ್ಗವು ವಿದ್ಯುತ್ತಿಲ್ಲದೆ ನಡೆಯುತ್ತದೆ. ಆದರೆ ಸೀರೆಯ ಪರಿಸರ ಪರಿಣಾಮವು ಮಗ್ಗದಿಂದಲೇ ಆರಂಭವಾಗುವುದಿಲ್ಲ. ಕರಾವಳಿಯಲ್ಲಿ ಹತ್ತಿ ಬೆಳೆಯದ ಕಾರಣ ನೂಲು ಹೊರಗಿನ ಗಿರಣಿಗಳಿಂದ ಬರುತ್ತದೆ. ಹತ್ತಿಯ ಬೇಸಾಯಕ್ಕೆ ನೀರೂ ಕೀಟನಾಶಕವೂ ಹೆಚ್ಚಾಗಿ ಬೇಕಾಗುತ್ತವೆ. ರಾಸಾಯನಿಕ ಬಣ್ಣದ ತ್ಯಾಜ್ಯವನ್ನು ಶುದ್ಧೀಕರಿಸದೆ ಹರಿಯಬಿಟ್ಟರೆ ನೀರು ಕೆಡುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಹೀಗೆ ಮಲಿನಗೊಂಡುದರಿಂದ ಮದರಾಸು ಹೈಕೋರ್ಟು 2011ರಲ್ಲಿ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಸಹಜ ಬಣ್ಣಗಳಿಗೂ ನೀರು ಮತ್ತು ಉರುವಲು ಬೇಕು. ಆದರೂ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಂತಹ ಉಪಉತ್ಪನ್ನವನ್ನು ಬಳಸಿದರೆ ಆ ಹೊರೆ ತಗ್ಗುತ್ತದೆ.

ಪಾಲಿಯೆಸ್ಟರ್ ಸೀರೆಗೆ ಬೆಲೆ ಕಡಿಮೆ. ಅದು ಬೇಗನೆ ಒಣಗುತ್ತದೆ, ಬಹುಕಾಲ ಹರಿಯದೆ ಉಳಿಯುತ್ತದೆ. ಆದರೆ ಅದು ಪೆಟ್ರೋಲಿಯಂ ಮೂಲದ್ದು. ಒಗೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ, ಎಸೆದರೆ ಮಣ್ಣಾಗುವುದಿಲ್ಲ. ಹತ್ತಿಯ ಸೀರೆ ಹಳತಾದಂತೆ ಮೆದುವಾಗಿ ಮಗುವಿನ ತೊಟ್ಟಿಲಿಗೂ ಒರೆಸುವ ಬಟ್ಟೆಗೂ ಒದಗಿ, ಕೊನೆಗೆ ಮಣ್ಣಿನಲ್ಲಿ ಕರಗುತ್ತದೆ.

ಗುರುತುಗಳು ಮತ್ತು ಅವುಗಳ ಮಿತಿ

ಭೌಗೋಳಿಕ ಸೂಚಕವು ಸೀರೆಯ ಮೂಲಸ್ಥಳವನ್ನೂ, 2006ರಲ್ಲಿ ಜಾರಿಗೆ ಬಂದ ಕೈಮಗ್ಗ ಗುರುತು ನೇಯ್ಗೆಯ ವಿಧಾನವನ್ನೂ ಖಾತರಿಪಡಿಸುತ್ತವೆ. ಇವೆರಡೂ ಕೂಲಿಯ ಬಗೆಗಾಗಲಿ ಬಣ್ಣದ ಬಗೆಗಾಗಲಿ ಏನನ್ನೂ ಹೇಳುವುದಿಲ್ಲ. ಸಾವಯವ ಬಟ್ಟೆಯ ಅಂತರರಾಷ್ಟ್ರೀಯ ಮಾನದಂಡವಾದ ಗಾಟ್ಸ್ ಎಳೆ, ಬಣ್ಣ ಮತ್ತು ದುಡಿಮೆಯ ಸ್ಥಿತಿಗಳನ್ನು ಪರಿಶೀಲಿಸುತ್ತದೆ. ಆದರೆ ಅದರ ಖರ್ಚು ಸಣ್ಣ ಸಂಘಗಳಿಗೆ ಭಾರವಾಗುತ್ತದೆ. ಆದುದರಿಂದ ನೇಯ್ದವರು ಯಾರು, ಅವರಿಗೆ ಸಂದ ಕೂಲಿ ಎಷ್ಟು, ಬಣ್ಣ ಯಾವುದು ಎಂಬ ಪ್ರಶ್ನೆಗಳಿಗೆ ನೇರವಾಗಿ ಸಂಘದ ಮಳಿಗೆಯಲ್ಲಿ ವಿಚಾರಿಸಿ ಉತ್ತರ ಪಡೆಯುವುದೇ ಕೊಳ್ಳುವವರಿಗೆ ಇರುವ ಸುಲಭ ಮಾರ್ಗ.

ಬಾಳಿಕೆ

ಕೈಮಗ್ಗದ ಸೀರೆಗೆ ಬೆಲೆ ಹೆಚ್ಚು; ಎಲ್ಲರಿಗೂ ಅದು ಎಟಕುವುದಿಲ್ಲ. ಆದರೆ ಯಾವುದೇ ಬಟ್ಟೆಯ ಪರಿಸರ ಹೊರೆಯು ಅದನ್ನು ಎಷ್ಟು ಸಲ ಉಡಲಾಯಿತು ಎಂಬುದರ ಮೇಲೂ ನಿಂತಿದೆ. ಇರುವ ಬಟ್ಟೆಯನ್ನು ಹೊಲಿದು ಮತ್ತೆ ಬಳಸುವುದರಿಂದ ಹೊಸದರ ಅಗತ್ಯವೇ ತಗ್ಗುತ್ತದೆ. ಅದೇ ವೇಳೆ ಹೊಸ ಸೀರೆಗೆ ಬೇಡಿಕೆ ಇಲ್ಲದಿದ್ದರೆ ಕೂಲಿಯನ್ನೇ ನಂಬಿದ ನೇಕಾರರ ಮಗ್ಗ ನಿಲ್ಲುತ್ತದೆ. ಅಪರೂಪಕ್ಕೆ ಕೊಂಡು, ತಕ್ಕ ಬೆಲೆ ತೆತ್ತು, ಬಹುಕಾಲ ಉಡುವುದು ಈ ಎರಡು ಕಾಳಜಿಗಳನ್ನೂ ಒಂದು ಮಟ್ಟಿಗೆ ಹೊಂದಿಸುತ್ತದೆ.