0.052: ಒಂದು ಗುಣಕದ ಪೂರ್ವಕಥೆ

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ತೈಲಬಾವಿ ಕೊರೆಯುವ ಕೆಲಸದಲ್ಲಿ ಬಹುಕಾಲದಿಂದ ಇರುವವನು. ಮಾತಿನ ನಡುವೆ ತನ್ನ ಕಿಸೆಪುಸ್ತಕ ತೆರೆದು, "ಸಾರ್, ದಿನವೂ ಇದರಿಂದಲೇ ಗುಣಿಸುತ್ತೇವೆ. ಈ 0.052 ಎಲ್ಲಿಂದ ಬಂತು?" ಎಂದು ಕೇಳಿದ. ತರಗತಿಯಲ್ಲಿ ಇಂಥ ಪ್ರಶ್ನೆ ಕೇಳಿದವರನ್ನು "ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದು ನಾನು ಕೂರಿಸಿದ್ದುಂಟು. ಇವನನ್ನೂ ಕೂರಿಸಿದ್ದೆನೋ ಏನೋ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವಿಷಯ. ಬಾವಿ ಕೊರೆಯುವಾಗ ರಂಧ್ರದ ತುಂಬ ಒಂದು ಬಗೆಯ ಕೆಸರು ತುಂಬಿರುತ್ತದೆ. ಕೊರೆದ ಕಲ್ಲಿನ ಚೂರುಗಳನ್ನು ಮೇಲೆ ತರುವುದು ಅದರ ಒಂದು ಕೆಲಸ. ತಳದ ಬಂಡೆಯಲ್ಲಿರುವ ಎಣ್ಣೆ, ಅನಿಲಗಳು ಮೇಲೆ ನುಗ್ಗದಂತೆ ತನ್ನ ಭಾರದಿಂದ ಅದುಮಿ ಹಿಡಿಯುವುದು ಇನ್ನೊಂದು. ಕೆಸರು ಹಗುರವಾದರೆ ಬಾವಿ ಸಿಡಿಯುತ್ತದೆ. ಅತಿ ಭಾರವಾದರೆ ಬಂಡೆಯೇ ಬಿರಿದು ಕೆಸರು ಸೋರಿಹೋಗುತ್ತದೆ. ಅಮೆರಿಕದ ರೂಢಿಯಲ್ಲಿ ಕೆಸರಿನ ಸಾಂದ್ರತೆಯನ್ನು ಗ್ಯಾಲನ್ನಿಗೆ ಇಷ್ಟು ಪೌಂಡ್ ಎಂದೂ, ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದೂ, ಆಳವನ್ನು ಅಡಿಗಳಲ್ಲೂ ಹೇಳುತ್ತಾರೆ. ಸಾಂದ್ರತೆಯನ್ನು 0.052ರಿಂದ ಗುಣಿಸಿದರೆ ಪ್ರತಿ ಅಡಿ ಆಳಕ್ಕೆ ಒತ್ತಡ ಎಷ್ಟು ಏರುತ್ತದೆ ಎಂಬುದು ದೊರೆಯುತ್ತದೆ. ಅದೇ ಒತ್ತಡದ ಪ್ರವಣತೆ.

ದ್ರವದ ಒತ್ತಡ ಪಾತ್ರೆಯ ಆಕಾರವನ್ನು ಅವಲಂಬಿಸದೆ ಆಳವನ್ನೇ ಅವಲಂಬಿಸುತ್ತದೆ ಎಂದು 1586ರಲ್ಲಿ ತೋರಿಸಿದವನು ಸೈಮನ್ ಸ್ಟೆವಿನ್. ಸೋಜಿಗವೆಂದರೆ, ತೂಕ, ಅಳತೆ, ನಾಣ್ಯಗಳನ್ನೆಲ್ಲ ದಶಮಾಂಶಕ್ಕೆ ತನ್ನಿರೆಂದು ಅದರ ಹಿಂದಿನ ವರ್ಷವೇ, 1585ರಲ್ಲಿ, ವಾದಿಸಿದವನೂ ಅವನೇ. ಮೊದಲನೆಯ ಮಾತನ್ನು ಎಲ್ಲರೂ ಒಪ್ಪಿದರು. ಎರಡನೆಯದನ್ನು ಒಪ್ಪಿದ್ದರೆ ನನ್ನ ಶಿಷ್ಯನ ಕಿಸೆಯಲ್ಲಿ ಈ 0.052 ಇರುತ್ತಿರಲಿಲ್ಲ.

ಈಗ ಗುಣಕದ ಹುಟ್ಟು. ಒಂದು ಚದರ ಅಂಗುಲ ಅಗಲ, ಒಂದು ಅಡಿ ಎತ್ತರದ ಕೆಸರಿನ ಕಂಬವನ್ನು ಊಹಿಸಿಕೊಳ್ಳಿ. ಅದರ ಗಾತ್ರ 12 ಘನ ಅಂಗುಲ. ಅಮೆರಿಕದ ಗ್ಯಾಲನ್ 231 ಘನ ಅಂಗುಲ. ಆದ್ದರಿಂದ ಕಂಬದ ತೂಕ, ಒಂದು ಗ್ಯಾಲನ್ ಕೆಸರಿನ ತೂಕದ 231ರಲ್ಲಿ 12 ಭಾಗ. 12ನ್ನು 231ರಿಂದ ಭಾಗಿಸಿದರೆ 0.05195, ದುಂಡಾಗಿಸಿದರೆ 0.052. ಇಷ್ಟೇ! ಒಂದು ಗ್ಯಾಲನ್ ನೀರು ಸುಮಾರು 8.33 ಪೌಂಡ್ ತೂಗುವುದರಿಂದ ಸಿಹಿನೀರಿನ ಪ್ರವಣತೆ ಅಡಿಗೆ 0.433.

ಆದರೆ 231 ಏಕೆ? ಇಲ್ಲಿ ಕಥೆ ಇಂಗ್ಲೆಂಡಿನ ದ್ರಾಕ್ಷಾರಸದ ಪೀಪಾಯಿಗಳ ಬಳಿಗೆ ಹೋಗುತ್ತದೆ. ಒಂದೊಂದು ಸರಕಿಗೆ ಒಂದೊಂದು ಗ್ಯಾಲನ್ ಇದ್ದ ಕಾಲವದು. ಸುಂಕದ ತಕರಾರು ಮುಗಿಯದಿದ್ದಾಗ, ರಾಣಿ ಆ್ಯನ್‌ಳ ಆಳ್ವಿಕೆಯ 1706ರ ಕಾಯಿದೆ ದ್ರಾಕ್ಷಾರಸದ ಗ್ಯಾಲನ್ನನ್ನು ನಿಗದಿ ಮಾಡಿತು: 7 ಅಂಗುಲ ವ್ಯಾಸ, 6 ಅಂಗುಲ ಆಳದ ದುಂಡು ಪಾತ್ರೆ, ಅಥವಾ 231 ಘನ ಅಂಗುಲ. ಒಂಬತ್ತನೆಯ ತರಗತಿಯ ಸಿಲಿಂಡರಿನ ಲೆಕ್ಕ ಮಾಡಿ ನೋಡಿ. ಪೈ ಬೆಲೆ 22/7 ಎಂದಿಟ್ಟುಕೊಂಡರೆ ಕರಾರುವಾಕ್ಕಾಗಿ 231 ಬರುತ್ತದೆ! ನಾವೆಲ್ಲ ಬಳಸಿದ ಆ ಸ್ಥೂಲ ಬೆಲೆ ತೈಲಬಾವಿಯ ತಳಕ್ಕೆ ಇಳಿದು ಕುಳಿತಿದೆ.

ಬ್ರಿಟನ್ 1824ರಲ್ಲಿ ಆ ಗ್ಯಾಲನ್ನನ್ನು ಕೈಬಿಟ್ಟು, ಹತ್ತು ಪೌಂಡ್ ನೀರು ಹಿಡಿಸುವ ಹೊಸ ಗ್ಯಾಲನ್ ತಂದಿತು. ಅಮೆರಿಕ 1832ರಲ್ಲಿ ಹಳೆಯದನ್ನೇ ಗಟ್ಟಿಮಾಡಿಕೊಂಡಿತು. ಬ್ರಿಟನ್ನಿನ ಗ್ಯಾಲನ್ ಹಿಡಿದರೆ ಗುಣಕ 0.0433 ಆಗುತ್ತದೆ. ಹೆಸರು ಒಂದೇ ಗ್ಯಾಲನ್, ವ್ಯತ್ಯಾಸ ಆರರಲ್ಲಿ ಒಂದು ಪಾಲು. ಬಾವಿಯೊಳಗೆ ಅದು ಸಣ್ಣ ತಪ್ಪಲ್ಲ.

ಕೆಸರಿನ ತೂಕವನ್ನು ಲೆಕ್ಕ ಹಾಕುವ ಅಗತ್ಯ ತಟ್ಟನೆ ಹುಟ್ಟಿದ್ದೇನಲ್ಲ. ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಕುಸಿಯುವ ಮರಳಿನೊಡನೆ ಸೆಣಸುತ್ತಿದ್ದ ಹ್ಯಾಮಿಲ್ ಸಹೋದರರು ಹೊಂಡದಲ್ಲಿ ದನಗಳನ್ನು ಓಡಾಡಿಸಿ ಕೆಸರು ಮಾಡಿಕೊಂಡರೆಂದು ಹೇಳುತ್ತಾರೆ. ಅದೇ ಬಾವಿ 1901ರ ಜನವರಿ 10ರಂದು ಸಿಡಿದು, ನೂರು ಅಡಿಗೂ ಮೇಲೆ ಎಣ್ಣೆ ಚಿಮ್ಮಿ, ಒಂಬತ್ತು ದಿನ ಯಾರ ಹಿಡಿತಕ್ಕೂ ಸಿಗಲಿಲ್ಲ. ಊರು ಸಂಭ್ರಮಿಸಿತು. ಕ್ರಮೇಣ ಇದು ಸಂಭ್ರಮವಲ್ಲ, ನಷ್ಟ ಮತ್ತು ಸಾವು ಎಂಬ ಅರಿವು ಮೂಡಿತು. 1920ರ ದಶಕದಲ್ಲಿ ಕೆಸರಿಗೆ ಬರೈಟ್ ಎಂಬ ಭಾರವಾದ ಖನಿಜದ ಪುಡಿ ಬೆರೆಸುವ ಪದ್ಧತಿ ಬಂತು. (ಜಗತ್ತಿನ ಬಹುದೊಡ್ಡ ಬರೈಟ್ ನಿಕ್ಷೇಪಗಳಲ್ಲೊಂದು ನಮ್ಮ ನೆರೆಯ ಕಡಪ ಸೀಮೆಯ ಮಂಗಂಪೇಟೆಯಲ್ಲಿದೆ.) ಭಾರವನ್ನು ಬೇಕಾದಷ್ಟಕ್ಕೆ ಹೊಂದಿಸಬಹುದು ಎಂದಾದ ಮೇಲೆ ಗುಣಕಕ್ಕೆ ನಿಜವಾದ ಕೆಲಸ ಸಿಕ್ಕಿತು.

ಮೆಟ್ರಿಕ್ ಪದ್ಧತಿಯಲ್ಲಿ ಘನ ಮೀಟರಿನ ಕಿಲೋಗ್ರಾಮ್‌ಗಳನ್ನು 9.81ರಿಂದ ಗುಣಿಸಿದರೆ ಮೀಟರಿಗೆ ಇಷ್ಟು ಪಾಸ್ಕಲ್ ಎಂದು ಬರುತ್ತದೆ. ಗುರುತ್ವ ಕಣ್ಣೆದುರೇ ಇರುತ್ತದೆ. ಪೌಂಡಿನ ಲೆಕ್ಕದಲ್ಲಿ ಅದು ಅಡಗಿಕೊಳ್ಳುತ್ತದೆ. ದ್ರವ್ಯರಾಶಿಗೂ ಬಲಕ್ಕೂ ಪೌಂಡ್ ಎಂಬ ಒಂದೇ ಹೆಸರು! ಉತ್ತರದ ಮುಂದೆ ಮಾನ ಬರೆಯದವರಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದುದರಲ್ಲಿ ಅನ್ಯಾಯವಿರಲಿಲ್ಲ ಎಂದು ಇಂದಿಗೂ ನಂಬಿದ್ದೇನೆ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿ ಸಿಡಿದು 11 ಜನ ಸತ್ತರು. ಸುಮಾರು 8,300 ಅಡಿ ಆಳದವರೆಗಿನ ಕೆಸರನ್ನು ತೆಗೆದು ಸಮುದ್ರದ ನೀರು ತುಂಬುವ ಕೆಲಸ ಅಂದು ನಡೆದಿತ್ತು. ಕೆಸರು ಗ್ಯಾಲನ್ನಿಗೆ ಸುಮಾರು 14 ಪೌಂಡ್, ಕಡಲ ನೀರು ಸುಮಾರು 8.6. ವ್ಯತ್ಯಾಸ 5.4; ಅದನ್ನು 0.052ರಿಂದಲೂ ಆಳದಿಂದಲೂ ಗುಣಿಸಿ. ಚದರ ಅಂಗುಲಕ್ಕೆ 2,300 ಪೌಂಡಿಗೂ ಹೆಚ್ಚಿನ ಭಾರ ಬಾವಿಯ ಮೇಲಿನಿಂದ ಇಳಿದುಹೋಯಿತು. ಲೆಕ್ಕ ಯಾರಿಗೂ ತಿಳಿಯದ್ದಲ್ಲ. ತಳದ ಸಿಮೆಂಟ್ ಹಿಡಿಯುತ್ತದೆ ಎಂದು ನಂಬಿದ್ದರು, ಅದು ಹಿಡಿದಿರಲಿಲ್ಲ. ಪರೀಕ್ಷೆಯಲ್ಲಿ ಕೊಳವೆಯ ಮಾಪಕ 1,400 ತೋರಿಸಿದಾಗ ಅದಕ್ಕೊಂದು ಸಮಾಧಾನ ಹುಡುಕಿಕೊಂಡು ಮುಂದುವರಿದರು.

ಇದನ್ನೆಲ್ಲ ಲಗ್ನಪತ್ರಿಕೆಯೊಂದರ ಬೆನ್ನಿಗೆ ಬರೆದು, ಚಿತ್ರ ತೆಗೆದು ಶಿಷ್ಯನಿಗೆ ಕಳಿಸಿದೆ. ಮರುದಿನ ಉತ್ತರ ಬಂತು: "ಸಾರ್, 22/7 ಬಿಟ್ಟು 3.1416 ಹಾಕಿದರೆ 230.9 ಬರುತ್ತದೆ. ಯಾವುದು ಸರಿ?" ಈ ಸಲ ಕೂರಿಸಲಿಲ್ಲ. ಕಾಯಿದೆ 231 ಎಂದೂ ಬರೆದಿದೆ, ಉಳಿದದ್ದು ಅದೇ ಎಂದು ಬರೆದೆ. ನಿಮ್ಮ ಮನೆಯಲ್ಲಿ ಏಳಂಗುಲ ಅಗಲದ ದುಂಡು ಡಬ್ಬವಿದ್ದರೆ ಆರಂಗುಲದವರೆಗೆ ನೀರು ತುಂಬಿ, ಮಕ್ಕಳ ಕೈಲಿ ಅಳೆಯಿಸಿ ನೋಡಿ. 3.785 ಲೀಟರಿಗೆ ಎಷ್ಟು ಹತ್ತಿರ ಬಂತೆಂದು ನನಗೆ ತಿಳಿಸಿ.