ಹೊಲದಿಂದ ಬಂದ ನಟರು: ಲೂಯಿಸ್ ವಾಲ್ಡೆಸ್ ಅವರ ರಂಗಶಿಕ್ಷಣದ ಮೂಲ

‘ಝೂಟ್ ಸೂಟ್’ ನಾಟಕಕಾರ, ‘ಲಾ ಬಾಂಬಾ’ (1987) ಚಿತ್ರದ ನಿರ್ದೇಶಕ ಎಂದೇ ಲೂಯಿಸ್ ವಾಲ್ಡೆಸ್ ಹೆಸರಾದವರು. ನಟರಾಗಿ, ನಟರನ್ನು ತಯಾರು ಮಾಡಿದ ಮೇಷ್ಟರಾಗಿ ಅವರು ಮಾಡಿದ ಕೆಲಸಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಅವರ ಬದುಕಿನ ಎಳೆ ಹಿಡಿಯಲು ಈ ಕಡೆಯಿಂದ ಹೊರಡುವುದೇ ಸರಿ ಎಂದು ನನಗನ್ನಿಸುತ್ತದೆ.

1940ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ಹುಟ್ಟಿದ ವಾಲ್ಡೆಸ್, ಬೆಳೆಯ ಹಿಂದೆ ಊರೂರು ಅಲೆಯುವ ಮೆಕ್ಸಿಕನ್ ಮೂಲದ ಕೂಲಿ ಕುಟುಂಬದವರು. ಒಂದನೆಯ ತರಗತಿಯಲ್ಲಿ ಶಾಲೆಯ ನಾಟಕವೊಂದರಲ್ಲಿ ಕೋತಿಯ ಪಾತ್ರ ಸಿಕ್ಕಿತ್ತು. ಪ್ರದರ್ಶನಕ್ಕೆ ಮುನ್ನವೇ ಕುಟುಂಬ ಬಿಡಾರ ಖಾಲಿ ಮಾಡಬೇಕಾಯಿತು. ತಮ್ಮ ರಂಗಭೂಮಿಯ ಹಸಿವು ಅಲ್ಲಿಂದ ಶುರುವಾಯಿತೆಂದು ಅವರು ಹೇಳಿಕೊಂಡಿದ್ದಾರೆ. 1964ರಲ್ಲಿ ಸ್ಯಾನ್ ಹೊಸೆಯಲ್ಲಿ ಪದವಿ ಮುಗಿಸಿ, ಸ್ಯಾನ್ ಫ್ರಾನ್ಸಿಸ್ಕೊ ಮೈಮ್ ಟ್ರೂಪ್‌ನಲ್ಲಿ ನಟರಾದರು. ಪಾರ್ಕುಗಳ ಬಯಲಿನಲ್ಲಿ ಆಡುವ ಈ ತಂಡದಲ್ಲಿ ಮುಖವಾಡ, ಅತಿರೇಕದ ಅಂಗಾಭಿನಯ, ರಾಜಕೀಯ ವಿಡಂಬನೆ ಅವರಿಗೆ ರೂಢಿಯಾದವು.

1965ರ ಸೆಪ್ಟೆಂಬರ್‌ನಲ್ಲಿ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಹೂಡಿದವರು ಫಿಲಿಪಿನೊ ಕೂಲಿಗಳು. ಸೀಸರ್ ಚಾವೆಸ್ ಅವರ ಕೃಷಿಕೂಲಿಗಳ ಸಂಘ ಬಳಿಕ ಜೊತೆಗೂಡಿತು. ವಾಲ್ಡೆಸ್ ಹುಟ್ಟೂರಿಗೆ ಮರಳಿ, ಕೂಲಿಗಳ ಕೊರಳಿಗೆ ‘ಮುಷ್ಕರಗಾರ’, ‘ಮುಷ್ಕರ ಮುರುಕ’ ಎಂಬ ಫಲಕ ನೇತುಹಾಕಿ, ದಿನವೂ ತೋಟದಂಚಿನಲ್ಲಿ ಕಾಣುತ್ತಿದ್ದುದನ್ನು ಆಡಿ ತೋರಿಸಲು ಹೇಳಿದರು. ಮುರುಕನಾಗಲು ಯಾರಿಗೂ ಇಷ್ಟವಿರಲಿಲ್ಲ. ಕೊನೆಗೊಬ್ಬ ಒಪ್ಪಿದ, ಉಳಿದವರು ಬೈಯತೊಡಗಿದರು, ಮನೆ ತುಂಬ ನಗೆ. ‘ಎಲ್ ತಿಯಾತ್ರೊ ಕಂಪೆಸಿನೊ’ ತಂಡ ಹುಟ್ಟಿದ್ದು ಹೀಗೆ. ಬರೆದ ಸಂಭಾಷಣೆಯಿಲ್ಲದೆ, ಆಡುತ್ತಾಡುತ್ತಲೇ ಕಟ್ಟಿದ ಕಿರುಪ್ರಸಂಗಗಳಿಗೆ ‘ಆಕ್ತೊ’ ಎಂದು ಹೆಸರಾಯಿತು. ಅಂಥ ಒಂದರಲ್ಲಿ ಹಂದಿಮುಖದ ಮುಖವಾಡ ತೊಟ್ಟ ಧಣಿ ಅದನ್ನು ಕಳಚಿ ಕೂಲಿಗೆ ಕೊಡುತ್ತಾನೆ. ಕೂಲಿಯ ಮೈಯಲ್ಲಿ ಧಣಿಯ ಗತ್ತು ಬಂದುಬಿಡುತ್ತದೆ. 1966ರಲ್ಲಿ ಡೆಲಾನೊದಿಂದ ಸ್ಯಾಕ್ರಮೆಂಟೊಗೆ ಮುಷ್ಕರಗಾರರು ಕೈಗೊಂಡ ಸುಮಾರು 300 ಮೈಲಿಯ ಕಾಲ್ನಡಿಗೆಯುದ್ದಕ್ಕೂ, ಇಳಿದುಕೊಂಡ ಊರುಗಳಲ್ಲಿ ರಾತ್ರಿ ಆಟ ನಡೆಯಿತು.

1967ರಲ್ಲಿ ತಂಡ ಸಂಘದಿಂದ ಬೇರೆಯಾಗಿ, 1971ರಲ್ಲಿ ಸ್ಯಾನ್ ಹುವಾನ್ ಬೌಟಿಸ್ಟಾದಲ್ಲಿ ನೆಲೆನಿಂತಿತು. 1979ರಲ್ಲಿ ‘ಝೂಟ್ ಸೂಟ್’ ಬ್ರಾಡ್‌ವೇ ತಲುಪಿತು. ನ್ಯೂಯಾರ್ಕ್ ವಿಮರ್ಶಕರು ಅದನ್ನು ಆದರಿಸಲಿಲ್ಲ. ಈ ನಡುವೆ ಬರ್ಕ್ಲಿ, ಸಾಂಟಾ ಕ್ರೂಸ್‌ಗಳಲ್ಲಿ, 90ರ ದಶಕದಲ್ಲಿ ಹೊಸದಾಗಿ ತೆರೆದ ಮಾಂಟೆರಿ ಬೇ ವಿಶ್ವವಿದ್ಯಾಲಯದಲ್ಲಿ ವಾಲ್ಡೆಸ್ ಪಾಠ ಮಾಡಿದರು. 2021ರಲ್ಲಿ ಪುಸ್ತಕವಾಗಿ ಬಂದ ಅವರ ‘ಥಿಯೇಟರ್ ಆಫ್ ದಿ ಸ್ಫಿಯರ್’ ತನ್ನ ನಟನಾ ಪದ್ಧತಿಗೆ ಮಾಯಾ, ಅಜ್ಟೆಕ್ ಚಿಂತನೆಯನ್ನು ತಳಹದಿಯಾಗಿ ಹೇಳುತ್ತದೆ. ನನ್ನ ಓದಿನಲ್ಲಿ, ಅದರ ಬೇರು ಡೆಲಾನೊದ ಆ ಫಲಕಗಳಲ್ಲೂ ಅಷ್ಟೇ ಇದೆ.

ಆದರೆ ಈ ಬೇರು ಒಬ್ಬರದೇ? 1994ರಲ್ಲಿ ಈ ತಂಡದ ಅಧ್ಯಯನಕಾರರಾದ ಯೊಲಾಂಡಾ ಬ್ರೊಯ್ಲ್ಸ್-ಗೊನ್ಸಾಲೆಸ್ ಅಲ್ಲವೆಂದು ವಾದಿಸಿದರು. ಆಕ್ತೊಗಳು ಸಾಮೂಹಿಕ ಸೃಷ್ಟಿ, ಮೆಕ್ಸಿಕನ್ ಡೇರೆ ನಾಟಕಗಳ ಮೌಖಿಕ ಪರಂಪರೆಯ ಕುಡಿ ಎಂದ ಅವರು, ತಂಡದ ಹೆಂಗಸರಿಗೆ ಸಿಕ್ಕ ಪಾತ್ರಗಳು ತಾಯಿ, ಸೂಳೆಯಂಥ ಸಿದ್ಧ ಅಚ್ಚುಗಳಲ್ಲೇ ಉಳಿದುದನ್ನೂ ದಾಖಲಿಸಿದರು. ವಾಲ್ಡೆಸ್ ಅವರ ಪಾತ್ರವನ್ನು ಈ ವಾದ ಅಳಿಸಿಹಾಕುವುದಿಲ್ಲ. ಫೆಲಿಪೆ ಕಾಂತು ಅವರಂಥ ಕೂಲಿ ವಿದೂಷಕರು ಮೈಯಲ್ಲೇ ಹೊತ್ತು ತಂದಿದ್ದ ವಿದ್ಯೆಯನ್ನು ಗುರುತಿಸಿ ತರಗತಿಗೆ ಒಯ್ದದ್ದು ವಾಲ್ಡೆಸ್ ಅವರೇ. ಆ ವಿದ್ಯೆ ಅವರು ಕಲಿಸಿದ್ದಲ್ಲ.